ಅಡುಗೆ ಪುಸ್ತಕ ಕೊಳ್ಳುವ ಮುನ್ನ: ಯಾವುದನ್ನು ನಂಬಬಹುದು, ಯಾವುದನ್ನು ಬಿಡಬೇಕು?

ಅಡುಗೆ ಪುಸ್ತಕಗಳ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಒಂದು, ನಮ್ಮ ಅಜ್ಜಿಯರು ಯಾವ ಪುಸ್ತಕ ನೋಡಿ ಅಡುಗೆ ಮಾಡಿದ್ದರು, ಈಗ ಎಲ್ಲ ಯೂಟ್ಯೂಬ್‌ನಲ್ಲೇ ಇದೆ, ದುಡ್ಡು ದಂಡ ಎನ್ನುವುದು. ಇನ್ನೊಂದು, ಸಾವಿರ ವರ್ಷ ಹಳೆಯ ಪಾಕಗ್ರಂಥ, ಸಾವಿರ ರೆಸಿಪಿ, ಉಚಿತ ಪಿಡಿಎಫ್, ಹತ್ತು ಜನರಿಗೆ ಕಳಿಸಿ ಎನ್ನುವುದು. ಎರಡರಲ್ಲೂ ಸ್ವಲ್ಪ ನಿಜವಿದೆ, ಹೆಚ್ಚು ಸುಳ್ಳಿದೆ.

ಬಸ್ರೂರಿನ ಒಂದು ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ವಾರಾಹಿ ನದಿ ಪಕ್ಕದಲ್ಲಿದೆ, ಕುಂದಾಪುರದ ಮೀನು ಪೇಟೆ ಹತ್ತಿರದಲ್ಲಿದೆ. ಡಬ್ಬದಲ್ಲಿ ಕುಚ್ಚಲಕ್ಕಿಯೂ ಇದೆ, ಬೆಳ್ತಿಗೆ ಅಕ್ಕಿಯೂ ಇದೆ. ಮಳೆಗಾಲದಲ್ಲಿ ಕಣಿಲೆ, ಪತ್ರೊಡೆಯ ಎಲೆ ಬರುತ್ತದೆ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ, ಅಲ್ಲಿನ ಬಾಡಿಗೆ ಮನೆಯಲ್ಲಿ ತಾನೇ ಬೇಯಿಸಿಕೊಳ್ಳಬೇಕು. ಅವಳಿಗೆ ಯಾವ ಪುಸ್ತಕ ಕೊಡಿಸುವುದು? 500 ರೂಪಾಯಿ ಹೋದರೆ ಹೋಯಿತು ಎನ್ನಬಹುದು. ಆದರೆ ಕೆಲವು ತಪ್ಪು ಪಾಕಗಳು ಹೊಟ್ಟೆಯನ್ನೂ ಕೆಡಿಸುತ್ತವೆ, ಅಪರೂಪಕ್ಕೆ ಆಸ್ಪತ್ರೆಗೂ ಸೇರಿಸುತ್ತವೆ. ಹಾಗಾಗಿ ಇದು ಬರೀ ರುಚಿಯ ಪ್ರಶ್ನೆಯಲ್ಲ.

'ಸಾವಿರ ವರ್ಷ ಹಳೆಯ ರೆಸಿಪಿ' ನಿಜವೇ?

ಕನ್ನಡದಲ್ಲಿ ಹಳೆಯ ಅಡುಗೆ ಬರಹ ಇರುವುದು ನಿಜ, ಅದು ಹೆಮ್ಮೆಯ ವಿಷಯವೂ ಹೌದು. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದು. ಕೃಷಿ, ನೀರಿನ ಸೆಲೆ ಹುಡುಕುವುದು, ಸುಗಂಧದ್ರವ್ಯಗಳ ಜೊತೆಗೆ ಅಡುಗೆಗೂ ಅದರಲ್ಲಿ ಜಾಗವಿದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ' ಸುಮಾರು 1508ರದು, ಪೂರ್ತಿ ಅಡುಗೆಯ ಮೇಲೆಯೇ ಬರೆದ ಷಟ್ಪದಿ ಕೃತಿ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಇಡ್ಲಿಯ ಪೂರ್ವಜ ಎನ್ನಬಹುದಾದ ಉದ್ದಿನ ತಿಂಡಿ ಇದೆ. ಮಾಂಸದ ಅಡುಗೆಗಳೂ ಧಾರಾಳವಾಗಿವೆ. ಬಸ್ರೂರಿಗೆ ಹತ್ತಿರದ ನಂಟಿನದು ಬೇಕೆಂದರೆ ಕೆಳದಿಯ ಬಸವರಾಜನ 'ಶಿವತತ್ತ್ವರತ್ನಾಕರ' ಇದೆ. 18ನೇ ಶತಮಾನದ ಆರಂಭದ ಈ ಸಂಸ್ಕೃತ ವಿಶ್ವಕೋಶದಲ್ಲಿ ಅಡುಗೆಮನೆಯ ವಿಚಾರವೂ ಬರುತ್ತದೆ. ಬಸ್ರೂರು ಬಂದರು ಆಗ ಕೆಳದಿ ಅರಸರದು. ಇಲ್ಲಿಂದ ಅಕ್ಕಿ ಹಡಗಿನಲ್ಲಿ ಹೊರಗೆ ಹೋಗುತ್ತಿತ್ತು, 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಲೂಟಿ ಮಾಡುವಷ್ಟು ಸಂಪತ್ತು ಊರಿನಲ್ಲಿತ್ತು.

ಆದರೆ ಫಾರ್ವರ್ಡ್‌ನಲ್ಲಿ ಬರುವ 'ಸಾವಿರ ವರ್ಷದ ಪಾಕ'ದಲ್ಲಿ ಹಸಿಮೆಣಸು, ಟೊಮೆಟೊ, ಬಟಾಟೆ ಇದ್ದರೆ ಅಲ್ಲಿಗೆ ಓದುವುದನ್ನು ನಿಲ್ಲಿಸಿ. ಈ ಮೂರೂ ಅಮೆರಿಕ ಖಂಡದ ಬೆಳೆಗಳು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರ ಹಡಗುಗಳು ಇವನ್ನು ತಂದು ಇಲ್ಲಿ ಒಗ್ಗಿಸಿದ್ದು ಅದರ ನಂತರ. ಚಾವುಂಡರಾಯನ ಕಾಲದಲ್ಲಿ ಖಾರ ಎಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಹಳೆಯ ಗ್ರಂಥವನ್ನು ನೋಡಿಕೊಂಡು ಇವತ್ತು ಅಡುಗೆ ಮಾಡಲು ಬರುತ್ತದೆಯೇ? ಹೆಚ್ಚಾಗಿ ಇಲ್ಲ. ಅಳತೆ, ಸಮಯ ಸ್ಪಷ್ಟವಿರುವುದಿಲ್ಲ. ಓದಿ ಖುಷಿಪಡಲು ಕೊಳ್ಳಿ, ಒಲೆಯ ಪಕ್ಕ ಇಡಲು ಬೇರೆಯದು ಬೇಕು. ಈ ಇತಿಹಾಸದಲ್ಲಿ ಆಸಕ್ತಿ ಹುಟ್ಟಿದವರಿಗೆ ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯ ಅವರ ಇಂಗ್ಲಿಷ್ ಪುಸ್ತಕಗಳು (1994 ಮತ್ತು 1998) ಒಳ್ಳೆಯ ದಾರಿ. ಅವುಗಳಲ್ಲಿ ಪಾಕವಿಧಾನ ಇಲ್ಲ, ಯಾವ ಕಾಳು ಎಲ್ಲಿಂದ ಬಂತು ಎಂಬುದಿದೆ. ಇಡ್ಲಿಯ ಮೂಲದ ಬಗ್ಗೆ ಅವರು ಹೇಳಿದ್ದನ್ನು ಎಲ್ಲರೂ ಒಪ್ಪಿಲ್ಲ ಎಂಬುದು ನೆನಪಿರಲಿ.

ಕನ್ನಡದಲ್ಲಿದ್ದರೆ ನಮ್ಮದೇ ಅಡುಗೆಯೇ?

ಇಲ್ಲಿ ಬಹಳ ಜನ ಎಡವುತ್ತಾರೆ. ಮೈಸೂರು ಕಡೆಯ ಪುಸ್ತಕದಲ್ಲಿ 'ಎರಡು ಚಮಚ ಮೆಣಸು' ಎಂದಿದ್ದರೆ ಅದು ಕಾಳುಮೆಣಸು. ಕುಂದಾಪುರದಲ್ಲಿ 'ಮೆಣಸು' ಎಂದರೆ ಕೆಂಪು ಒಣಮೆಣಸು, ಕಾಳುಮೆಣಸಿಗೆ 'ಒಳ್ಳೆ ಮೆಣಸು' ಎನ್ನುತ್ತೇವೆ. ಅಲ್ಲಿ 'ಹುಳಿ' ಒಂದು ಪದಾರ್ಥದ ಹೆಸರು, ಸಾಂಬಾರಿನ ಅಣ್ಣನೋ ತಮ್ಮನೋ ಆಗಬಹುದು. ಇಲ್ಲಿ 'ಸ್ವಲ್ಪ ಹುಳಿ ಹಾಕಿ' ಎಂದರೆ ಹುಣಸೆಹಣ್ಣು. ಅಲ್ಲಿನ ದಂಟು ಇಲ್ಲಿನ ಹರಿವೆ. ಸೌತೆ ಎಂದರೆ ಹಸಿಯಾಗಿ ತಿನ್ನುವ ಮುಳ್ಳುಸೌತೆಯೋ, ತಿಂಗಳುಗಟ್ಟಲೆ ತೂಗುಹಾಕುವ ಮಂಗಳೂರು ಸೌತೆಯೋ ಎಂದು ಪುಸ್ತಕ ಹೇಳದಿದ್ದರೆ ಬೆಂಗಳೂರಿನ ಮಗಳು ಫೋನು ಮಾಡಲೇಬೇಕು.

ಸೊಪ್ಪುಗಳ ವಿಷಯದಲ್ಲಿ ಈ ಗೊಂದಲ ತಮಾಷೆಯಲ್ಲ. ಆಷಾಢದ ಚಗಟೆಯನ್ನು ನಾವು ತಿನ್ನುತ್ತೇವೆ. ಅದಕ್ಕೆ ತೀರಾ ಹತ್ತಿರದ ಸಂಬಂಧಿ ಕಾಫಿ ಸೆನ್ನಾ ಎಂಬ ಕಳೆಗಿಡದ ಬೀಜ ಮಕ್ಕಳಿಗೆ ವಿಷ. ಕಾಡು ಸೊಪ್ಪಿನ ಪುಸ್ತಕ ಕೊಳ್ಳುವಾಗ ಸಸ್ಯಶಾಸ್ತ್ರೀಯ ಹೆಸರು, ಎಲೆ ಮತ್ತು ಹೂವಿನ ಸ್ಪಷ್ಟ ಚಿತ್ರ, ಬೇರೆ ಬೇರೆ ಊರಿನ ಹೆಸರುಗಳು ಇವೆಯೇ ನೋಡಿ. ಇಲ್ಲದಿದ್ದರೆ ಎಷ್ಟೇ ಚಂದದ ಪುಸ್ತಕವಾದರೂ ಬಿಡಿ.

ಗೊತ್ತಿರುವ ಒಂದು ತಿಂಡಿಯಿಂದ ಪರೀಕ್ಷೆ

ಪುಸ್ತಕದ ಅಂಗಡಿಯಲ್ಲಿ ಅಥವಾ ಆನ್‌ಲೈನ್ ಮಾದರಿ ಪುಟದಲ್ಲಿ ಹೊಸ ತಿಂಡಿ ಹುಡುಕಬೇಡಿ. ನಿಮಗೆ ನಿದ್ದೆಯಲ್ಲಿ ಎಬ್ಬಿಸಿದರೂ ಮಾಡಲು ಬರುವ ತಿಂಡಿಯ ಪುಟ ತೆಗೆಯಿರಿ. ನೀರು ದೋಸೆಯನ್ನೇ ತೆಗೆದುಕೊಳ್ಳಿ. ಬೆಳ್ತಿಗೆ ಅಕ್ಕಿ ಎಂದು ಬರೆದಿದ್ದಾರೆಯೇ, ಬರೀ 'ಅಕ್ಕಿ' ಎಂದು ಬಿಟ್ಟಿದ್ದಾರೆಯೇ? ಕುಚ್ಚಲಕ್ಕಿಯನ್ನು ಭತ್ತದಲ್ಲಿರುವಾಗಲೇ ಬೇಯಿಸಿ ಒಣಗಿಸಿರುತ್ತಾರೆ, ಅದರ ಪಿಷ್ಟ ಒಮ್ಮೆ ಬೆಂದು ಗಟ್ಟಿಯಾಗಿರುವುದರಿಂದ ನೀರು ಹೀರುವ ರೀತಿಯೇ ಬೇರೆ. ಹಿಟ್ಟು ಎಷ್ಟು ತೆಳ್ಳಗಿರಬೇಕು ಎಂಬುದಕ್ಕೆ ಏನಾದರೂ ಗುರುತು ಕೊಟ್ಟಿದ್ದಾರೆಯೇ? ಹುಯ್ದಾಗ ತೂತು ಬೀಳದಿದ್ದರೆ ಕಾವಲಿ ಸಾಕಷ್ಟು ಕಾದಿಲ್ಲ, ಅಥವಾ ಹಿಟ್ಟು ದಪ್ಪವಾಯಿತು ಎಂದು ಹೇಳಿದ್ದಾರೆಯೇ? ಕೆಟ್ಟಾಗ ಏನು ಮಾಡಬೇಕು ಎಂದು ಹೇಳುವ ಲೇಖಕ ಅಥವಾ ಲೇಖಕಿ ಆ ದೋಸೆಯನ್ನು ನಿಜವಾಗಿ ಹುಯ್ದಿದ್ದಾರೆ ಎಂದರ್ಥ. ಬೇರೆಯವರ ಪುಟ ನಕಲು ಮಾಡಿದವರಿಗೆ ಕೆಡುವುದು ಹೇಗೆಂದು ಗೊತ್ತಿರುವುದಿಲ್ಲ.

ಮಾಂಸ ತಿನ್ನುವ ಮನೆಯವರು ಘೀ ರೋಸ್ಟ್ ಪುಟ ತೆಗೆಯಬಹುದು. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಹುಟ್ಟಿತು ಎಂದು ಎಲ್ಲರೂ ಹೇಳುವ ಈ ಅಡುಗೆ ಈಗ ದೇಶದ ತುಂಬ ಹೋಟೆಲುಗಳ ಪಟ್ಟಿಯಲ್ಲಿದೆ, ಎಷ್ಟೋ ಪುಸ್ತಕಗಳಲ್ಲೂ ಇದೆ. ಅದರಲ್ಲಿ 'ಒಣಮೆಣಸು 20' ಎಂದು ಮಾತ್ರ ಇದ್ದರೆ ಪುಸ್ತಕ ಮುಚ್ಚಿಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದೇ 20 ಗುಂಟೂರು ಮೆಣಸಾದರೆ ಊಟಕ್ಕೆ ಕುಳಿತವರು ಎದ್ದು ನೀರಿಗೆ ಓಡುತ್ತಾರೆ.

ಸೇರು, ಕುಡ್ತೆ, ಕಪ್ಪು, ವಿಶಲ್

ಹಳೆಯ ಅಡುಗೆ ಪುಸ್ತಕ ಅಟ್ಟದಲ್ಲಿ ಸಿಕ್ಕಿದರೆ ಒಂದು ಲೆಕ್ಕ ತಿಳಿದಿರಬೇಕು. ದಕ್ಷಿಣ ಕನ್ನಡ ಜಿಲ್ಲೆ (ಕುಂದಾಪುರ ಆಗ ಅದರಲ್ಲೇ ಇತ್ತು) 1956ರ ತನಕ ಮದ್ರಾಸಿಗೆ ಸೇರಿತ್ತು. ಮದ್ರಾಸಿನ ತೂಕದ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಉತ್ತರ ಭಾರತದ, ಸರ್ಕಾರಿ ಲೆಕ್ಕದ ಸೇರು 80 ತೊಲ, ಸುಮಾರು 933 ಗ್ರಾಂ. ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ! ಇದಲ್ಲದೆ ಅಕ್ಕಿ ಅಳೆಯುವ ಪಾತ್ರೆಯ ಸೇರು ಬೇರೆಯೇ. ಮೆಟ್ರಿಕ್ ತೂಕ ದೇಶದಲ್ಲಿ 1958ರಿಂದ ಹಂತಹಂತವಾಗಿ ಬಂತು. ಅದಕ್ಕೆ ಹಿಂದಿನ ಪುಸ್ತಕದಲ್ಲಿ 'ಅರ್ಧ ಸೇರು ಬೆಲ್ಲ' ಎಂದಿದ್ದರೆ, ಅದು ಯಾವ ಊರಿನಲ್ಲಿ ಅಚ್ಚಾಗಿದೆ ಎಂದು ಮೊದಲು ನೋಡಿ, ಆಮೇಲೆ ಬೆಲ್ಲ ಕುಟ್ಟಿ.

ನಮ್ಮ ಕಡೆಯ ಪುಸ್ತಕಗಳಲ್ಲಿ ಕುಡ್ತೆ ಬರುತ್ತದೆ. ಮನೆಮನೆಗೆ ಕುಡ್ತೆಯೂ ಬೇರೆ. ಕಪ್ಪಿನ ಕಥೆಯೂ ಹಾಗೆಯೇ: ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯದ್ದು 250, ಜಪಾನಿನದು 200. ನಮ್ಮ ಟೀ ಕಪ್ಪು ಇವೆಲ್ಲಕ್ಕಿಂತ ಚಿಕ್ಕದು. ಸಾರಿಗೆ ಇದರಿಂದ ಏನೂ ಆಗದು. ಕೇಕಿಗೆ, ಉಪ್ಪಿನಕಾಯಿಗೆ ಆಗುತ್ತದೆ. 'ಈ ಪುಸ್ತಕದಲ್ಲಿ ಒಂದು ಕಪ್ಪು ಎಂದರೆ ಇಷ್ಟು' ಎಂದು ಮೊದಲ ಪುಟಗಳಲ್ಲೇ ಬರೆದಿರುವ ಪುಸ್ತಕಕ್ಕೆ ಒಂದು ಅಂಕ ಹೆಚ್ಚು ಕೊಡಿ, ಗ್ರಾಂನಲ್ಲಿ ಕೊಟ್ಟಿದ್ದರೆ ಎರಡು.

'ಮೂರು ವಿಶಲ್' ಅಳತೆಯೇ ಅಲ್ಲ. ಉರಿ ದೊಡ್ಡದಿದ್ದರೆ ಮೂರು ವಿಶಲ್ ನಾಲ್ಕು ನಿಮಿಷಕ್ಕೆ ಬರಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷವಾದೀತು. ಕುಕ್ಕರ್ ಒಳಗೆ ಪೂರ್ತಿ ಒತ್ತಡ ಬಂದಾಗ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ. ಬೇಯಿಸುವುದು ಆ ಬಿಸಿ ಮತ್ತು ನಿಮಿಷ, ಕೂಗಿನ ಎಣಿಕೆಯಲ್ಲ. ಹಾಗೆಯೇ 'ಹಿಟ್ಟನ್ನು 8 ಗಂಟೆ ಹುದುಗಲು ಬಿಡಿ' ಎನ್ನುವ ಸಾಲು. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಎಂದು 1965ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, ಅದರ ವೇಗ ಬಿಸಿಯನ್ನು ಅವಲಂಬಿಸಿದೆ. ಬಸ್ರೂರಿನ ಮೇ ತಿಂಗಳ ಸೆಕೆಯಲ್ಲಿ 8 ಗಂಟೆಗೆ ಹಿಟ್ಟು ಪಾತ್ರೆ ದಾಟಿ ಹರಿದಿರುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಇನ್ನೂ ಮಲಗಿರುತ್ತದೆ. ಗಂಟೆಯ ಜೊತೆ 'ಹಿಟ್ಟು ಎರಡು ಪಟ್ಟಾಗುವ ತನಕ' ಎಂಬಂಥ ಗುರುತು ಇರುವ ಪುಸ್ತಕ ಎರಡೂ ಊರಿನಲ್ಲಿ ಕೆಲಸಕ್ಕೆ ಬರುತ್ತದೆ.

ಪುಸ್ತಕ ಬಿಟ್ಟುಬಿಡುವ ಸಾಲು

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಜ್ಜೆಯನ್ನು ಪುಸ್ತಕದವರು ಬರೆಯುವುದೇ ಇಲ್ಲ, ಯಾಕೆಂದರೆ ಅವರಿಗೆ ಅದು ಹೆಜ್ಜೆ ಎಂದೇ ಅನ್ನಿಸಿರುವುದಿಲ್ಲ. ಅಪಾಯ ಇರುವುದು ಅಲ್ಲಿ.

ಕಣಿಲೆಯನ್ನು ನೋಡಿ. ಹಸಿ ಬಿದಿರಿನ ಮೊಳಕೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತ ಇದೆ. ನಮ್ಮ ಹಿರಿಯರು ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುತ್ತಿದ್ದರು. ಆ ಸಂಯುಕ್ತ ನೀರಿಗೆ ಇಳಿಯುತ್ತದೆ, ಕುದಿಸಿದಾಗ ಒಡೆಯುತ್ತದೆ. ಕಾರಣ ಅವರಿಗೆ ಗೊತ್ತಿರಲಿಕ್ಕಿಲ್ಲ, ಕ್ರಮ ಸರಿಯಾಗಿತ್ತು. 'ಕಣಿಲೆ 2 ಕಪ್ಪು, ಹೆಸರುಕಾಳು 1 ಕಪ್ಪು' ಎಂದು ಶುರುಮಾಡುವ ಪಾಕದಲ್ಲಿ ಆ ಮೂರು ದಿನ ಕಾಣೆಯಾಗಿರುತ್ತದೆ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಸರಿಯಾಗಿ ಬೇಯದಿದ್ದರೆ ಬಾಯಿ ಗಂಟಲು ತುರಿಸುತ್ತದೆ. ಹುಳಿ ಹಾಕುವುದೂ, ಹಬೆಯಲ್ಲಿ ಚೆನ್ನಾಗಿ ಬೇಯಿಸುವುದೂ ರುಚಿಗೆ ಮಾತ್ರವಲ್ಲ. 'ಹುಳಿ ಬೇಕಾದರೆ ಹಾಕಿ' ಎಂದು ಬರೆದ ಪುಸ್ತಕ ಪತ್ರೊಡೆ ಮಾಡಿದವರದ್ದಲ್ಲ.

ಉತ್ತರದಿಂದ ಬಂದ ರಾಜ್ಮಾ ಈಗ ಇಲ್ಲಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅರೆಬೆಂದ ರಾಜ್ಮಾ ನಾಲ್ಕೈದು ಕಾಳು ತಿಂದರೂ ವಾಂತಿಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಬೇಕು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ನಮ್ಮ ಪ್ರೆಶರ್ ಕುಕ್ಕರ್‌ಗೆ ಇದು ಕಷ್ಟವಲ್ಲ. ಆದರೆ ವಿದೇಶಿ ಪುಸ್ತಕ ನೋಡಿ ಸ್ಲೋ ಕುಕ್ಕರ್‌ನಲ್ಲಿ ಹಸಿ ರಾಜ್ಮಾ ಹಾಕುವವರು ಜೋಪಾನ, ಅದರ ಬಿಸಿ ವಿಷವನ್ನು ನಾಶಮಾಡಲು ಸಾಲದೆ ಹೋಗಬಹುದು.

ಕರಾವಳಿಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೀನು ಮತ್ತು ಸಿಗಡಿ ಉಪ್ಪಿನಕಾಯಿ. ಬಂಗುಡೆ, ಬೂತಾಯಿಯಂಥ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಕುಳಿತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗುತ್ತದೆ, ತಲೆನೋವು, ಮೈ ತುರಿಕೆ ಬರುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. 'ಉಪ್ಪು ಹುಳಿ ಖಾರ ಹಚ್ಚಿದರೆ ಮೀನಿಗೆ ಏನೂ ಆಗದು' ಎಂಬ ನಂಬಿಕೆ ತಪ್ಪು. ಮಸಾಲೆ ಹಚ್ಚಿ ಎರಡು ಗಂಟೆ ಇಡಿ ಎನ್ನುವ ಪುಸ್ತಕ 'ಫ್ರಿಜ್‌ನಲ್ಲಿ' ಎಂಬ ಒಂದು ಪದವನ್ನೂ ಬರೆದಿರಬೇಕು. ಮಾವಿನ ಮಿಡಿ ವರ್ಷಗಟ್ಟಲೆ ಉಳಿಯುವುದು ಅದರ ಹುಳಿ ಮತ್ತು ನಾವು ಹಾಕುವ ಉಪ್ಪಿನಿಂದ. ಸಿಗಡಿಗೆ ಸ್ವಂತ ಹುಳಿ ಇಲ್ಲ. ಮೇಲೆ ಎಣ್ಣೆ ನಿಂತರೆ ಗಾಳಿಯಾಡದು, ಗಾಳಿಯಿಲ್ಲದ, ಹುಳಿ ಸಾಲದ ಜಾಗವೇ ಬಾಟುಲಿಸಂ ರೋಗಾಣುವಿಗೆ ಬೇಕಾದದ್ದು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಆದ್ದರಿಂದ ವಿನೆಗರ್ ಇಲ್ಲದ ಸಿಗಡಿ ಉಪ್ಪಿನಕಾಯಿಯನ್ನು 'ಹೊರಗೆ ಒಂದು ವರ್ಷ ಇಡಬಹುದು' ಎಂದ ಪುಟವನ್ನು ನಂಬಬೇಡಿ. ವಿನೆಗರ್ ಇರುವ ಪಾಕದಲ್ಲಿ ರುಚಿಗೆಂದು ಅದನ್ನು ಕಡಿಮೆ ಮಾಡಲೂ ಬೇಡಿ.

ಶಿಶು ಆಹಾರದ ಪುಸ್ತಕದಲ್ಲಿ ಒಂದು ವರ್ಷ ತುಂಬದ ಮಗುವಿಗೆ ಜೇನು ಎಂದಿದ್ದರೆ ಆ ಪುಸ್ತಕವೇ ಬೇಡ. ಇದೂ ಬಾಟುಲಿಸಂ ಕಾರಣಕ್ಕೇ.

ರೋಗ ಗುಣಪಡಿಸುವ ಅಡುಗೆ ಪುಸ್ತಕ

'ಶುಗರ್ ಬುಡಸಮೇತ ಮಾಯ' ಎಂಬ ಮುಖಪುಟ ಕಂಡರೆ ಮುಂದಕ್ಕೆ ಹೋಗಿ. ಮಧುಮೇಹ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. ಪಾಕ ಬರೆಯುವವರಿಗೆ ಅಂಥ ಧೈರ್ಯ ಎಲ್ಲಿಂದ ಬರುತ್ತದೋ! 'ಸಕ್ಕರೆ ಇಲ್ಲದ ಸಿಹಿ' ಎಂಬ ಅಧ್ಯಾಯದಲ್ಲಿ ಬೆಲ್ಲ, ಜೇನು ತುಂಬಿದ್ದರೆ ಅದೂ ಸಕ್ಕರೆಯೇ. ಬೆಲ್ಲದ ಬಹುಪಾಲು ಸುಕ್ರೋಸ್. ಖನಿಜಾಂಶ ಸ್ವಲ್ಪ ಇದೆ, ಅದಕ್ಕಾಗಿ ಮಧುಮೇಹಿಗಳು ಹಾಲ್ಬಾಯಿ ಎರಡು ತುಂಡು ಹೆಚ್ಚು ತಿನ್ನುವಂತಿಲ್ಲ. ಉಪ್ಪಿನ ಲೆಕ್ಕವೂ ನೋಡಿ: ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಒಂದು ಚಿಕ್ಕ ಚಮಚ ಪುಡಿ ಉಪ್ಪೇ ಸುಮಾರು 6 ಗ್ರಾಂ.

ಪೋಷಕಾಂಶದ ಅಂಕಿ ಕೊಡುವ ಪುಸ್ತಕವಾದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಿಂದ ತೆಗೆದುಕೊಂಡಿದ್ದಾರೆಯೇ ನೋಡಿ. ಪುಸ್ತಕದ ಹಿಂದೆ ಐಎಸ್‌ಬಿಎನ್ ಸಂಖ್ಯೆ ಇದೆ, ಹಾಗಾಗಿ ಸರ್ಕಾರ ಪರಿಶೀಲಿಸಿದೆ ಎಂಬುದು ಸುಳ್ಳು. ಅದು ಪುಸ್ತಕದ ಗುರುತಿನ ಸಂಖ್ಯೆ ಮಾತ್ರ, ಒಳಗಿನದ್ದನ್ನು ಯಾರೂ ಓದಿ ನೋಡುವುದಿಲ್ಲ.

ಇನ್ನೊಂದು ಹೊಸ ತಲೆನೋವು ಯಂತ್ರ ಬರೆದ ಪುಸ್ತಕಗಳು. 2023ರಲ್ಲಿ ನ್ಯೂಜಿಲೆಂಡಿನ ಪ್ಯಾಕ್‌ಎನ್‌ಸೇವ್ ಅಂಗಡಿಯವರ ಅಡುಗೆ ಬಾಟ್ ಕ್ಲೋರಿನ್ ಅನಿಲ ಹುಟ್ಟಿಸುವ ಮಿಶ್ರಣವನ್ನು ಪಾನೀಯ ಎಂದು ಸೂಚಿಸಿತ್ತು. ಅದೇ ವರ್ಷ, ಯಂತ್ರ ಬರೆದಂತೆ ಕಾಣುವ ಕಾಡು ಅಣಬೆ ಪುಸ್ತಕಗಳನ್ನು ಕೊಳ್ಳಬೇಡಿ ಎಂದು ನ್ಯೂಯಾರ್ಕಿನ ಅಣಬೆ ತಜ್ಞರ ಸಂಘ ಎಚ್ಚರಿಸಿತ್ತು. ಲೇಖಕರ ಪರಿಚಯವೇ ಇಲ್ಲ, ಊರಿಲ್ಲ, ಒಂದೇ ವರ್ಷದಲ್ಲಿ ನಲವತ್ತು ಪುಸ್ತಕ ಬರೆದಿದ್ದಾರೆ ಎಂದರೆ ಅನುಮಾನಪಡಿ.

ಹಾಗಾದರೆ ಯಾವುದು ಕೊಳ್ಳೋಣ?

ಒಂದು ಸಮುದಾಯದ, ಒಂದು ಊರಿನ ಅಡುಗೆಗೆ ಅಂಟಿಕೊಂಡ ಪುಸ್ತಕ 'ಭಾರತದ 1000 ರುಚಿ'ಗಿಂತ ಯಾವಾಗಲೂ ಮೇಲು. ಮುಂಬಯಿಯ ಸಾರಸ್ವತ ಮಹಿಳಾ ಸಮಾಜ ಹೊರತಂದ ಅಂಬಾಬಾಯಿ ಸಂಶಿ ಅವರ 'ರಸಚಂದ್ರಿಕಾ' ಮೊದಲು ಮರಾಠಿಯಲ್ಲಿ ಬಂತು, ಈಗ ಇಂಗ್ಲಿಷಿನಲ್ಲೂ ಸಿಗುತ್ತದೆ. ಶಿರಾಲಿ ಮಠದ ನಂಟಿನ ಕುಟುಂಬಗಳ ಈ ಕೆನರಾ ಅಡುಗೆ ನಮ್ಮ ಬಾಯಿಗೆ ದೂರದ್ದಲ್ಲ. ಕರಾವಳಿಯ ಗೌಡ ಸಾರಸ್ವತ ಮನೆಗಳಲ್ಲಿ ಜಯಾ ವಿ. ಶೆಣೈ ಅವರ ಪುಸ್ತಕಗಳಿಗೆ ಹೆಸರಿದೆ. ಉಡುಪಿ ಸಸ್ಯಾಹಾರಕ್ಕೆ ಮಾಲತಿ ಶ್ರೀನಿವಾಸನ್ ಮತ್ತು ಗೀತಾ ರಾವ್ ಅವರ 'ದಿ ಉಡುಪಿ ಕಿಚನ್' ಇಂಗ್ಲಿಷಿನಲ್ಲಿದೆ. ಪಕ್ಕದ ತಮಿಳಿನಲ್ಲಿ 1951ರಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಬರೆದ 'ಸಮೈತ್ತು ಪಾರ್' ಇಂದಿಗೂ ಮಾರಾಟವಾಗುತ್ತಿದೆ. ಒಲೆಯ ಮುಂದೆ ಒಬ್ಬಳೇ ನಿಂತ ಹೊಸ ಹುಡುಗಿಗೆ ಹೇಳುವಂತೆ ಬರೆದದ್ದೇ ಅದರ ಗುಟ್ಟು. 'ಯಾಕೆ ಹೀಗೆ' ಎಂದು ಕೇಳುವ ಸ್ವಭಾವದವರಿಗೆ ಕೃಶ್ ಅಶೋಕ್ ಅವರ 'ಮಸಾಲಾ ಲ್ಯಾಬ್' (2020) ಮೊದಲು, ಆಮೇಲೆ ತಾಳ್ಮೆಯಿದ್ದರೆ ಹೆರಾಲ್ಡ್ ಮೆಗೀ ಅವರ ದಪ್ಪ ಪುಸ್ತಕ (1984, ಪರಿಷ್ಕೃತ 2004). ಒಂದೇ ಕೊಳ್ಳುವುದಾದರೆ ನಾನು ಮಗಳಿಗೆ ಊರಿನ ಅಡುಗೆಯದನ್ನೇ ಕೊಡಿಸುತ್ತೇನೆ. ವಿಜ್ಞಾನದ ಪುಸ್ತಕ ಎರಡನೆಯ ವರ್ಷಕ್ಕೆ ಇರಲಿ.

ಕೊಳ್ಳುವ ಮೊದಲು ಪಂಚಾಯತಿಯ ಅರಿವು ಕೇಂದ್ರದಲ್ಲೋ ಕುಂದಾಪುರದ ಗ್ರಂಥಾಲಯದಲ್ಲೋ ಕೇಳಿ ನೋಡಿ. ರಾಜ್ಯ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಫೋನಿನಲ್ಲೂ ಇದೆ. ಎರಡು ವಾರ ಇಟ್ಟುಕೊಂಡು ಮೂರು ಅಡುಗೆ ಮಾಡಿ ನೋಡಿದರೆ ಪುಸ್ತಕದ ಬಣ್ಣ ತಿಳಿಯುತ್ತದೆ. ಗುಂಪಿನಲ್ಲಿ ಬಂದ ಉಚಿತ ಪಿಡಿಎಫ್ ಹೆಚ್ಚಾಗಿ ಯಾರದೋ ಕೃತಿಸ್ವಾಮ್ಯದ ಪುಸ್ತಕದ ಕಳ್ಳಪ್ರತಿ. ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ಅದು ಪುಸ್ತಕವೇ ಅಲ್ಲ, ಫೋನಿನಲ್ಲಿ ಕೂರುವ ಆ್ಯಪ್. ಬ್ಯಾಂಕ್ ಖಾತೆ ಖಾಲಿಯಾಗುವುದು ಹೀಗೆಯೇ. ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ.

ಮನೆಯ ಅಡುಗೆಗೆ ಪುಸ್ತಕ ಸಿಗದಿದ್ದರೆ ನೀವೇ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಅಮ್ಮನನ್ನು 'ಎಷ್ಟು ಹಾಕ್ತಿ?' ಎಂದು ಕೇಳಿದರೆ 'ಕಣ್ಣಂದಾಜು' ಎಂಬ ಉತ್ತರವೇ ಬರುವುದು. ಕೇಳಬೇಡಿ, ತೂಗಿ. ಮೆಣಸಿನ ಪುಡಿಯ ಡಬ್ಬವನ್ನು ಅಡುಗೆಗೆ ಮೊದಲು ಒಮ್ಮೆ, ಆದಮೇಲೆ ಒಮ್ಮೆ ಅಡುಗೆ ತಕ್ಕಡಿಯ ಮೇಲಿಟ್ಟರೆ ಅಮ್ಮನ ಕೈಯಳತೆ ಗ್ರಾಂನಲ್ಲಿ ಸಿಗುತ್ತದೆ. ತುರಿದ ಕಾಯಿಯನ್ನೂ ತೂಗಿ, 'ಅರ್ಧ ಕಾಯಿ' ಎಂದು ಬರೆಯಬೇಡಿ. ನೆನೆಸಿದ್ದು ಎಷ್ಟು ಹೊತ್ತು, ಚೆಲ್ಲಿದ ನೀರು ಯಾವುದು, ಮೆಣಸು ಯಾವ ಜಾತಿಯದು, ಅಂದು ಯಾವ ತಿಂಗಳು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಅದೇ ಅಡುಗೆಯನ್ನು ಮೂರು ಬಾರಿ ಹೀಗೆ ತೂಗಿದಾಗ ಅಂಕಿಗಳು ಹತ್ತಿರ ಹತ್ತಿರ ಬಂದರೆ ಆ ಪುಟ ಬೆಂಗಳೂರಿಗೆ ಕಳಿಸಲು ತಯಾರು.